ಬ್ಯಾಡಗಿಯ ಗೋಡೌನಿನಲ್ಲಿ ಕಡಲ ಹಾಡು

ಸಮುದ್ರದ ಬಗ್ಗೆ ಧೈರ್ಯವಾಗಿ ಮಾತಾಡಬೇಕೆಂದರೆ ಸಮುದ್ರವನ್ನು ನೋಡಿರಬಾರದು. ಇದು ನನ್ನ ಸ್ವಂತ ಅನುಭವದ ಮಾತು. ರಾಣೆಬೆನ್ನೂರಿನ ಒಂದು ಹೈಸ್ಕೂಲಿನಲ್ಲಿ ನಾನು ಭೂಗೋಳ ಕಲಿಸುತ್ತಿದ್ದೆ. ಉಬ್ಬರ, ಇಳಿತ, ಕೊಲ್ಲಿ, ಭೂಶಿರ ಎಲ್ಲವನ್ನೂ ಒಂದು ಬಕೆಟ್ ನೀರು ಮತ್ತು ಒಂದು ತೆಂಗಿನ ಚಿಪ್ಪು ಇಟ್ಟುಕೊಂಡು ಎಷ್ಟು ಚೆನ್ನಾಗಿ ವಿವರಿಸುತ್ತಿದ್ದೆನೆಂದರೆ, ಮುಂದಿನ ಸಾಲಿನ ಹುಡುಗಿಯರು ಲಂಗ ಒದ್ದೆಯಾದೀತೆಂದು ಕಾಲು ಮೇಲೆತ್ತಿಕೊಳ್ಳುತ್ತಿದ್ದರು. ನಾನು ಕಣ್ಣಾರೆ ಕಂಡಿದ್ದ ದೊಡ್ಡ ನೀರೆಂದರೆ ಮಳೆಗಾಲದ ತುಂಗಭದ್ರೆ ಮಾತ್ರ. ಒಮ್ಮೆ ಒಬ್ಬ ಹುಡುಗಿ ಎದ್ದು ನಿಂತು, "ಅಕ್ಕೋರ, ಸಮುದ್ರ ಎಷ್ಟ ದೊಡ್ಡದಿರತೈತ್ರೀ?" ಎಂದು ಕೇಳಿದಳು. "ಹಾವೇರಿ ಹೆಗ್ಗೇರಿ ಕೆರಿ ನೋಡೀಯಿಲ್ಲೋ? ಅದಕ್ಕ ಆಚಿ ದಂಡೀನ ಇಲ್ಲಂತ ತಿಳಕೋ" ಎಂದೆ. ಅವಳು ನಂಬಿ ಕುಳಿತಳು. ನಾನೂ ಅದನ್ನೇ ನಂಬಿಕೊಂಡಿದ್ದೆ.

ಇಂಥ ನಾನು ಹಾವೇರಿ ಜಿಲ್ಲಾ ನಾವಿಕ ಗಾಯನ ಮಂಡಳಿಗೆ ಸೇರಿದ್ದರಲ್ಲಿ ಆಶ್ಚರ್ಯವೇನಿಲ್ಲ. ಹೌದು, ಅಂಥದೊಂದು ಮಂಡಳಿ ಇತ್ತು. ಮೊಬೈಲ್ ಫೋನು ನಮ್ಮ ಕಡೆ ಆಗಷ್ಟೇ ಬಂದು, ಜನ ಅದನ್ನು ಅಂಗಿಯ ಮೇಲಿನ ಕಿಸೆಯಲ್ಲಿ ಎದ್ದು ಕಾಣುವಂತೆ ಇಟ್ಟುಕೊಳ್ಳುತ್ತಿದ್ದ ಕಾಲ. ಜಿಲ್ಲೆ ಹೊಸದು, ಉತ್ಸಾಹವೂ ಹೊಸದು. ಎಲ್ಲ ಜಿಲ್ಲೆಗಳಲ್ಲಿ ಇರುವುದು ನಮ್ಮಲ್ಲೂ ಇರಬೇಕು ಎನ್ನುವವರ ನಡುವೆ, ಎಲ್ಲೂ ಇಲ್ಲದ್ದು ನಮ್ಮಲ್ಲಿರಲಿ ಎಂದು ಹೊರಟವರು ಸಂಗನಗೌಡರು. ಹಾವೇರಿಯವರಾದ ಅವರು ಕೆಲಸ ಮಾಡಿದ್ದು ಕಾರವಾರದ ಕಡೆ, ಮೀನುಗಾರಿಕೆ ಇಲಾಖೆಯಲ್ಲಿ. ಸೋಮವಾರ ಈರುಳ್ಳಿಯನ್ನೂ ಮುಟ್ಟದ ಮನುಷ್ಯ ನಿವೃತ್ತಿಯಾಗುವವರೆಗೂ ಮೀನಿನ ನಡುವೆ ಬದುಕಿ, ಅಲ್ಲಿಂದ ತಂದದ್ದು ಬೆಸ್ತರು ದೋಣಿ ನೂಕುವಾಗ, ಬಲೆ ಎಳೆಯುವಾಗ ಹೇಳುವ ಹಾಡುಗಳನ್ನು. ಅವುಗಳನ್ನು ನಮ್ಮ ಕನ್ನಡಕ್ಕೆ ತಾವೇ ತಿರುಗಿಸಿದ್ದರು. ನೆನಪಾಗದ ಕಡೆ ತಮ್ಮ ಕೈಯಿಂದ ಒಂದಿಷ್ಟು ಸೇರಿಸಿದ್ದರು. "ದಂಡಿ ಕಾಣ್ತೈತಿ, ಎಳಿ ತಮ್ಮಾ, ಜ್ವಾಳದ ರೊಟ್ಟಿ ಕಾಯ್ತೈತಿ" ಎಂಬ ಸಾಲು ಬಂದಾಗ ನನಗೆ ತಡೆಯಲಾಗದೆ, "ಕಡಲ ದಂಡಿಗೆ ಜ್ವಾಳ ಎಲ್ಲಿಂದ ಬಂತ್ರೀ ಗೌಡ್ರ?" ಎಂದು ಕೇಳಿದ್ದೆ. "ನಾ ಅಲ್ಲಿದ್ದಾಗ ಊರಿಂದ ತರಸ್ತಿದ್ನಲ್ರೀ ಅಕ್ಕೋರ" ಎಂದರು.

ಸದಸ್ಯರಾಗಲು ಪರೀಕ್ಷೆಯೊಂದಿತ್ತು. ಹಾಡಲು ಬರುತ್ತದೆಯೇ ಎಂದು ಅವರು ಯಾರನ್ನೂ ಕೇಳಲಿಲ್ಲ. "ಹಗ್ಗ ಎಳ್ಯಾಕ ಬರತೈತೇನ್ರೀ?" ಎಂದಷ್ಟೇ ಕೇಳಿದರು. "ತವರುಮನ್ಯಾಗ ಬಾವಿ ನೀರ ಸೇದೇನ್ರಿ" ಎಂದೆ. "ಆತಲ್ಲ, ಮತ್ತೇನ ಬೇಕು" ಎಂದು ಸೇರಿಸಿಕೊಂಡರು. ಆ ಕ್ಷಣ ನನಗಾದ ಸಂತೋಷ ನಿಮಗೆ ಅರ್ಥವಾಗಬೇಕಾದರೆ ಒಂದು ವಿಷಯ ಹೇಳಬೇಕು. ನಮ್ಮ ಬಳಗದ ಮದುವೆಗಳಲ್ಲಿ ಹೆಂಗಸರು ಸೋಬಾನೆ ಪದ ಎತ್ತಿಕೊಂಡರೆಂದರೆ ಯಾರಾದರೊಬ್ಬರು ಓಡಿಬಂದು ನನ್ನ ಕೈಗೆ ಆರತಿ ತಟ್ಟೆ ಕೊಡುತ್ತಿದ್ದರು. ಮೊದಮೊದಲು ಇದನ್ನು ಗೌರವ ಎಂದುಕೊಂಡಿದ್ದೆ. ಆರತಿ ಹಿಡಿದವರು ದೀಪದ ಕಡೆ ಲಕ್ಷ್ಯ ಕೊಡಬೇಕು, ಬಾಯಿ ತೆರೆಯುವಂತಿಲ್ಲ ಎಂಬುದು ಹೊಳೆದದ್ದು ಬಹಳ ತಡವಾಗಿ. ಶಾಲೆಯ ಪ್ರಾರ್ಥನೆಯ ಹೊತ್ತಿಗೂ ನನಗೆ ಗೇಟಿನ ಕಡೆ ಏನಾದರೊಂದು ಕೆಲಸ ಹುಟ್ಟಿಕೊಳ್ಳುತ್ತಿತ್ತು. ಅಂಥವಳನ್ನು ಮೊದಲ ಸಲ ಒಂದು ಗಾಯನ ಮಂಡಳಿ ಬರಮಾಡಿಕೊಂಡಿತ್ತು. ಮನೆಯಲ್ಲಿ ಅಭ್ಯಾಸ ಶುರು ಮಾಡಿದ ದಿನ ಅತ್ತೆ ದೇವರ ಕೋಣೆಯಿಂದ ಹೊರಗೆ ಬಂದು, "ಯವ್ವಾ, ಯಾರಿಗೆ ಏನಾತು?" ಎಂದು ಗಾಬರಿಯಿಂದ ಕೇಳಿದರು. ಏನೂ ಆಗಿಲ್ಲ, ಬಲೆ ಎಳೆಯುತ್ತಿದ್ದೇನೆ ಎಂದೆ. ಅವರು ನನ್ನನ್ನು ಬಿಟ್ಟು ನನ್ನ ಗಂಡನ ಮುಖವನ್ನು ನೋಡಿದರು.

ಮಂಡಳಿಯಲ್ಲಿ ನಾವು ಎಂಟು ಮಂದಿ. ಎಲ್ಲರ ಹೆಸರು ಹೇಳಿ ನಿಮ್ಮ ತಲೆ ತಿನ್ನುವುದಿಲ್ಲ, ಇನ್ನಿಬ್ಬರನ್ನು ತಿಳಿದುಕೊಂಡರೆ ಸಾಕು. ಒಬ್ಬ ಗುತ್ತಲದ ಕಲ್ಲಪ್ಪ, ಬಸ್ ಕಂಡಕ್ಟರು. ಎಂಥ ಗದ್ದಲದಲ್ಲೂ ಹಿಂದಿನ ಬಾಗಿಲಿನಿಂದ ಡ್ರೈವರಿಗೆ ಮುಟ್ಟುವ ಗಂಟಲು ಅವನದು. ಪ್ರತಿ ಹಾಡಿನ ಕೊನೆಗೆ ಅಭ್ಯಾಸಬಲದಿಂದ "ರೈಟ್!" ಎಂದುಬಿಡುತ್ತಿದ್ದ, ಅಷ್ಟೇ ಅವನ ದೋಷ. ಇನ್ನೊಬ್ಬರು ಬ್ಯಾಡಗಿಯ ಗುರುಶಾಂತಪ್ಪ ಸಾಹುಕಾರರು, ಮೆಣಸಿನಕಾಯಿ ದಲಾಲರು. ಹಾವೇರಿಗೂ ರಾಣೆಬೆನ್ನೂರಿಗೂ ನಡುವೆ ಬ್ಯಾಡಗಿ ಇರುವುದರಿಂದ, ಪ್ಯಾಸೆಂಜರ್ ರೈಲು ಎರಡೂ ಕಡೆಯಿಂದ ಅಲ್ಲಿ ನಿಲ್ಲುವುದರಿಂದ, ಮತ್ತು ಬೇರೆ ಯಾವ ಊರಿನಲ್ಲೂ ಯಾರೂ ನಮಗೆ ಜಾಗ ಕೊಡದೆ ಇದ್ದುದರಿಂದ, ರವಿವಾರದ ತಾಲೀಮು ಸಾಹುಕಾರರ ಗೋಡೌನಿನಲ್ಲಿ ನಡೆಯುತ್ತಿತ್ತು.

ಬ್ಯಾಡಗಿ ಮೆಣಸಿನಕಾಯಿಗೆ ಬಣ್ಣ ಹೆಚ್ಚು, ಖಾರ ಕಡಿಮೆ ಎಂದು ಹೇಳುವವರು ಅದರ ಗೋಡೌನಿನಲ್ಲಿ ಬಾಯಿ ತೆರೆದು ಹಾಡಿದವರಲ್ಲ. ಹೊಸ ಮಾಲು ಬಂದು ಚೀಲಗಳು ಮಾಡಿನವರೆಗೆ ಏರಿ ನಿಂತಿರುತ್ತಿದ್ದವು. "ಯಾರ ಮನಿ ಬಲಿ?" ಎಂದು ಗೌಡರು ಮುಮ್ಮೇಳದಲ್ಲಿ ಎತ್ತಿಕೊಟ್ಟರೆ, "ಹೋ ಎಳಿ!" ಎಂದು ನಾವು ಹಿಮ್ಮೇಳದವರು ಹಗ್ಗ ಎಳೆಯಬೇಕು. ಹೀಗೆ ನಾಲ್ಕು ಸಲ ಎಳೆಯುವಷ್ಟರಲ್ಲಿ ಘಾಟು ಮೂಗಿಗೇರಿ ಎಲ್ಲರಿಗೂ ಕೆಮ್ಮು ಒತ್ತರಿಸಿ ಬರುತ್ತಿತ್ತು. ಒಬ್ಬರು ಕೆಮ್ಮುವಾಗ ಇನ್ನೊಬ್ಬರು ಹಾಡುವುದು, ಇವರು ಹಾಡುವಾಗ ಅವರು ಸೀನುವುದು ಹೀಗೇ ಕೆಲವು ವಾರ ನಡೆಯಿತು. ಕೊನೆಗೆ ಗೌಡರು ಒಂದು ಶಿಸ್ತು ತಂದರು. "ಕೆಮ್ಮ ಬ್ಯಾಡಂದ್ರ ಕೇಳೂದಿಲ್ಲ. ಬರೂದ ಬರ್ಲಿ, ಆದ್ರ ತಾಳದಾಗ ಬರ್ಲಿ" ಎಂದರು. ಅಂದಿನಿಂದ ನಾಲ್ಕು ಎಳೆತ, ಒಂದು ಕೆಮ್ಮು. ಐದನೆಯ ಪೆಟ್ಟಿಗೆ ಎಲ್ಲರೂ ಹಗ್ಗ ಬಿಟ್ಟು, ಗಂಡಸರು ಟವೆಲು, ನಾನು ಸೆರಗು ಬಾಯಿಗಿಟ್ಟುಕೊಂಡು ಒಟ್ಟಿಗೆ ಕೆಮ್ಮಿ, ಮತ್ತೆ ಹಗ್ಗ ಹಿಡಿದು ಮುಂದಿನ ಸಾಲಿಗೆ ಹೋಗುವುದು. ಇದಾದ ಮೇಲೆ ನಮ್ಮ ಹಾಡು ಎಷ್ಟು ಚೊಕ್ಕವಾಯಿತೆಂದರೆ, ಕೇಳಲು ಬಂದ ಪಕ್ಕದ ಅಂಗಡಿಯವರು ಕೆಮ್ಮಿಗೆ ಚಪ್ಪಾಳೆ ತಟ್ಟಿದರು.

ಕೆಮ್ಮದೆ ಇದ್ದವರು ಗುರುಶಾಂತಪ್ಪನವರು ಒಬ್ಬರೇ. ಮೂರು ತಲೆಮಾರು ಮೆಣಸಿನಕಾಯಿಯಲ್ಲಿ ಉರುಳಾಡಿದ ಮನೆತನ, ಆ ಘಾಟು ಅವರಿಗೆ ಊದುಬತ್ತಿ ಹೊಗೆಯಿದ್ದಂತೆ. ನಾವೆಲ್ಲ ಬಾಗಿ ಕೆಮ್ಮುವಾಗ ಅವರು ಹಗ್ಗವನ್ನು ಸೊಂಟಕ್ಕೆ ಸುತ್ತಿಕೊಂಡು, ಎಲ್ಲರಿಗಿಂತ ಮುಂದೆ, ಚೀಲಗಳ ಪಕ್ಕದಲ್ಲೇ ಗಟ್ಟಿಯಾಗಿ ನಿಂತಿರುತ್ತಿದ್ದರು. ಚೀಲ ಎಂದೆನಲ್ಲ, ಅದನ್ನೂ ಹೇಳಿಬಿಡುತ್ತೇನೆ. ಬಲೆ ಇಲ್ಲದ ಊರಿನಲ್ಲಿ ಬಲೆಯ ಬದಲು ಹಲಗೆಯ ಮೇಲೆ ಮೆಣಸಿನಕಾಯಿ ಚೀಲ ಹೇರಿ ಅದಕ್ಕೆ ಚಕ್ಕಡಿ ಹಗ್ಗ ಕಟ್ಟಿ ಎಳೆಯುತ್ತಿದ್ದೆವು. ಈ ರವಿವಾರ ಪೂರ್ವದ ಗೋಡೆಯಿಂದ, ಬರುವ ರವಿವಾರ ಪಶ್ಚಿಮದ ಗೋಡೆಯಿಂದ. ಕಡಲ ಹಾಡಿನ ಮೇಲೆ ಸಾಹುಕಾರರಿಗೆ ಇಷ್ಟೊಂದು ಪ್ರೀತಿ ಎಲ್ಲಿಂದ ಬಂತೆಂದು ನಾನು ಬೆರಗಾಗಿದ್ದೆ. ಅವರ ಹಮಾಲರಿಗೆ ರವಿವಾರ ಸೂಟಿ, ಸೋಮವಾರ ಬೆಳಿಗ್ಗೆ ಲಾರಿಗೆ ತುಂಬಬೇಕಾದ ಮಾಲೆಲ್ಲ ಆಗಲೇ ಬಾಗಿಲ ಬಳಿ ಬಂದು ನಿಂತಿರುತ್ತದೆ ಎಂಬುದನ್ನು ಕಲ್ಲಪ್ಪ ಪತ್ತೆಹಚ್ಚುವ ಹೊತ್ತಿಗೆ ನಮ್ಮ ತೋಳುಗಳು ಪೈಲ್ವಾನರ ತೋಳುಗಳಾಗಿದ್ದವು.

ನಡುವೆ ಒಮ್ಮೆ ನೀರಿನ ಮೇಲೂ ಅಭ್ಯಾಸವಾಗಲಿ ಎಂದು ಗಳಗನಾಥಕ್ಕೆ ಹೋಗಿ ಹರಿಗೋಲು ಹತ್ತಿದೆವು. ನಾವು ತಾಳಕ್ಕೆ ಸರಿಯಾಗಿ ಒಲೆದಾಡಿದೊಡನೆ ಅದು ಗಿರಗಿರನೆ ತಿರುಗತೊಡಗಿತು. ಮುಮ್ಮೇಳ ಒಂದು ದಂಡೆಗೂ ಹಿಮ್ಮೇಳ ಇನ್ನೊಂದು ದಂಡೆಗೂ ಮುಖ ಮಾಡಿ, ಮರುಗಳಿಗೆಯಲ್ಲಿ ಅದಲುಬದಲಾಗಿ ಹಾಡುತ್ತಿತ್ತು. "ಹಾಡರ ನಿಂದರಸ್ರಿ, ಇಲ್ಲಾ ಇಳೀರಿ" ಎಂದ ಅಂಬಿಗ. ನಡುನೀರಿನಲ್ಲಿ ಇಳಿಯುವುದೆಲ್ಲಿಗೆ? ಹಾಡು ನಿಲ್ಲಿಸಿದೆವು.

ಎಲ್ಲ ಹೀಗೇ ಸುಖವಾಗಿ ನಡೆಯುತ್ತಿದ್ದಾಗ ಗೌಡರಿಗೆ ಹೊಸ ಹಲ್ಲಿನ ಸೆಟ್ಟು ಬಂತು. ಅದನ್ನು ಹಾಕಿಕೊಂಡು ಬಂದ ಮೊದಲ ರವಿವಾರ "ಯಾವೂರ ಗಾಳಿ?" ಎಂದು ಎತ್ತಿದ ರಭಸಕ್ಕೆ ಮೇಲಿನ ಸಾಲು ಹಾರಿಹೋಗಿ ಬಾಯಿ ಬಿಚ್ಚಿದ್ದ ಒಂದು ಚೀಲದೊಳಗೆ ಬಿತ್ತು. ತಾಲೀಮು ಬಿಟ್ಟು ಎಂಟೂ ಜನ ಮೆಣಸಿನಕಾಯಿ ಕೆದರಿ ಹಲ್ಲು ಹುಡುಕಿದೆವು. ಸಿಕ್ಕಿತು. ತೊಳೆದರು, ಮತ್ತೆ ತೊಳೆದರು, ಹಾಕಿಕೊಂಡರು. ಮರುಕ್ಷಣ ಅವರ ಎರಡೂ ಕಣ್ಣಲ್ಲಿ ನೀರು ಇಳಿಯಿತು. ಆ ಕಣ್ಣೀರಿನಲ್ಲೇ ಅವರು, "ಇನ್ನ ನನ್ನ ಕಡಿಂದ ಮುಮ್ಮೇಳ ಆಗೂದಿಲ್ಲ. ಯಾರರ ತಗೋರಿ" ಎಂದು ಹೇಳಿದರು. ನಾನು ತಕ್ಷಣ ಕೈ ಎತ್ತಿದೆ. ಗುರುಶಾಂತಪ್ಪನವರೂ ಎತ್ತಿದರು.

ನನಗೆ ಆ ಮುಮ್ಮೇಳ ಬೇಕಿತ್ತು. ಸುಮ್ಮನೆ ಬೇಕಿತ್ತು ಎಂದರೆ ಸಾಲದು, ನಿದ್ದೆ ಬಿಟ್ಟು ಬೇಕಿತ್ತು. ಜನ್ಮವಿಡೀ ಆರತಿ ತಟ್ಟೆ ಹಿಡಿದವಳಿಗೆ, ನಾನು ಎತ್ತಿಕೊಟ್ಟ ಸಾಲಿಗೆ ಏಳು ಮಂದಿ ಓಗೊಡಬೇಕು ಎಂಬ ಆಸೆ ಹುಟ್ಟಿದರೆ ಅದರಲ್ಲಿ ತಪ್ಪೇನು? ಸಾಹುಕಾರರ ವಾದ ಸರಳವಾಗಿತ್ತು. "ಗೋಡೌನ್ ನಂದು, ಹಗ್ಗ ನಂದು, ಮ್ಯಾಲೆ ನನಗ ಕೆಮ್ಮ ಬರೂದಿಲ್ಲ. ಮುಂದ ನಿಂತವರ ಕೆಮ್ಮಿದ್ರ ಮಂಡಳಿ ಮಾನ ಏನ ಉಳೀತು?" ಎಂದರು. ಹಿಮ್ಮೇಳದವರು ಗೋಡೌನು ಕೈಬಿಟ್ಟು ಹೋದೀತೆಂಬ ಭಯದಿಂದ ನೆಲ ನೋಡತೊಡಗಿದರು. ಆಗ ಗೌಡರು, ತಮ್ಮ ಹಳೆಯ ಗೆಳೆಯ ನಾಗೇಶ ತಾಂಡೇಲರು ಬಹಳ ದಿನದಿಂದ ಕರೆಯುತ್ತಿದ್ದಾರೆ, ಎಲ್ಲರೂ ಅಲ್ಲಿಗೇ ಹೋಗೋಣ ಎಂದರು. ತಾಂಡೇಲರೆಂದರೆ ಕರಾವಳಿಯ ಒಂದು ಊರಿನ ದೋಣಿಯ ಯಜಮಾನರು, ಗೌಡರಿಗೆ ಈ ಹಾಡುಗಳನ್ನು ಕಲಿಸಿದವರು. "ಖರೇ ಬಲಿ, ಖರೇ ಸಮುದ್ರ. ಯಾರ ಹಾಡಿಗೆ ಬಲಿ ದಂಡಿಗೆ ಬರತೈತೋ ಅವರದ ಮುಮ್ಮೇಳ" ಎಂದು ಗೌಡರು ತೀರ್ಮಾನ ಕೊಟ್ಟರು.

ಕ್ರೂಸರ್ ಗಾಡಿ ಮಾಡಿಕೊಂಡು ಹಾನಗಲ್ಲು, ಶಿರಸಿ ದಾಟಿ, ಘಟ್ಟ ಇಳಿದು ಹೋದೆವು. ಗಾಡಿಯ ಮುಂದೆ ನಮ್ಮ ಬ್ಯಾನರು. ಹಡಗು ಬರೆಯಪ್ಪ ಎಂದರೆ ಹಾವೇರಿಯ ಪೇಂಟರು ಹರಿಗೋಲು ಬರೆದು ಅದಕ್ಕೊಂದು ಬಾವುಟ ಸಿಕ್ಕಿಸಿದ್ದ. ಬೆಳಗಿನ ಹೊತ್ತು ತೆಂಗಿನ ಮರಗಳ ಸಂದಿಯಿಂದ ಗಾಡಿ ಹೊರಗೆ ಬಂದಾಗ ಎದುರಿಗೆ ಅದು ಇತ್ತು. ಕಲ್ಲಪ್ಪ ಬಸ್ಸು ನಿಲ್ಲಿಸುವವನ ಹಾಗೆ, ಆದರೆ ಸಣ್ಣ ದನಿಯಲ್ಲಿ, "ಹೋಲ್ಡಾನ್" ಎಂದ. ನಾನು ಇಳಿದು ನಿಂತೆ. ಬಕೆಟ್ಟು, ತೆಂಗಿನ ಚಿಪ್ಪು, ಹೆಗ್ಗೇರಿ ಕೆರೆ ಎಲ್ಲ ನೆನಪಾಗಿ ನಗು ಬಂತು, ಅದರ ಹಿಂದೆಯೇ ಕಣ್ಣೂ ತುಂಬಿತು. ಇಷ್ಟು ದೊಡ್ಡದರ ಬಗ್ಗೆ ಇಷ್ಟು ವರ್ಷ ನಾನು ಎಷ್ಟು ಆರಾಮಾಗಿ ಮಾತಾಡಿದ್ದೆ!

ದಂಡೆಯಲ್ಲಿ ಬೆಸ್ತರು ಬೆಳಿಗ್ಗೆಯೇ ದೊಡ್ಡ ಬಲೆಯನ್ನು ಅರ್ಧ ಚಂದ್ರಾಕಾರದಲ್ಲಿ ನೀರಿಗೆ ಬಿಟ್ಟಿದ್ದರು. ಅದರ ಎರಡು ತುದಿಗೆ ಎರಡು ಹಗ್ಗ. ಒಂದನ್ನು ಅವರು ಹಿಡಿದು, ಇನ್ನೊಂದನ್ನು ನಮಗೆ ಕೊಟ್ಟರು. ನಾಗೇಶ ತಾಂಡೇಲರು ಕೈ ಮುಗಿದು, "ಬಯಲುಸೀಮೆಯವರು ನಮ್ಮ ಹಾಡು ಹಾಡ್ತಾರೆ ಅಂದ್ರೆ ಊರಿಗೆ ಊರೇ ಬಂದಿದೆ ನೋಡಿ. ಎಳೆಯೋದು ಹೆಚ್ಚುಕಡಿಮೆ ಆದರೂ ಅಡ್ಡಿಲ್ಲ" ಎಂದರು. ಗುರುಶಾಂತಪ್ಪನವರು ವಾಡಿಕೆಯಂತೆ ಎಲ್ಲರಿಗಿಂತ ಮುಂದೆ, ನೀರಿನ ಅಂಚಿನಲ್ಲಿ, ಧೋತರದ ಮೇಲೆ ಹಗ್ಗ ಸುತ್ತಿಕೊಂಡು ನಿಂತರು. "ಮೊದಲ ಅಕ್ಕೋರ ಹಾಡ್ಲಿ. ಬಲಿ ಬರೂದಿಲ್ಲ. ಆಮ್ಯಾಲೆ ನಾ ಐದೀನಲ್ಲ" ಎಂದು ಎಲ್ಲರಿಗೂ ಕೇಳುವಂತೆ ಹೇಳಿದರು.

ನಾನು ಸೆರಗು ಸೊಂಟಕ್ಕೆ ಸಿಕ್ಕಿಸಿ ಎತ್ತಿದೆ: "ಯಾವೂರ ಗಾಳಿ?" ಹಿಮ್ಮೇಳ, "ಹೋ ಎಳಿ!" ಎಂದಿತು. "ಪಡುವಣ ಗಾಳಿ!" "ಹೋ ಎಳಿ!" ಬಲೆ ಜಗ್ಗಿತು, ಹಗ್ಗ ನಮ್ಮ ಕಡೆ ಬಂತು. ನನ್ನ ದನಿ ನನಗೇ ಇಷ್ಟವಾಗುವಂತೆ ಕೇಳಿಸಿತು. "ಯಾರ ಮನಿ ಬಲಿ?" "ಹೋ ಎಳಿ!" "ನಮ್ಮ ಮನಿ ಬಲಿ!" "ಹೋ ಎಳಿ!" ನಾಲ್ಕಾಯಿತು. ಐದನೆಯ ಪೆಟ್ಟು ಬಂತು. ಮೆಣಸಿನಕಾಯಿ ಇಲ್ಲ, ಘಾಟಿಲ್ಲ, ಜಗತ್ತಿನ ಶುದ್ಧ ಗಾಳಿಯೆಲ್ಲ ಅಲ್ಲೇ ಬೀಸುತ್ತಿದೆ. ಆದರೂ ನಮ್ಮ ಮಂಡಳಿಯವರು ಶಿಸ್ತಿನ ಜನ. ತಾಳ ತಪ್ಪದೆ ಒಟ್ಟಿಗೆ ಹಗ್ಗ ಬಿಟ್ಟು, ಟವೆಲು ಬಾಯಿಗಿಟ್ಟುಕೊಂಡು, ಬಾರದ ಕೆಮ್ಮಿಗಾಗಿ ಕಾದು ನಿಂತರು.

ಹಗ್ಗ ಬಿಡದವರು ಒಬ್ಬರೇ. ಕೆಮ್ಮು ಬಾರದ ಗುರುಶಾಂತಪ್ಪನವರು. ಅದೇ ಹೊತ್ತಿಗೆ ಹಿಂದೆ ಸರಿದ ಅಲೆ ಬಲೆಯನ್ನು ಎಳೆಯಿತು, ಬಲೆ ಹಗ್ಗವನ್ನು ಎಳೆಯಿತು, ಹಗ್ಗ ಸಾಹುಕಾರರನ್ನು ಎಳೆಯಿತು. ಅವರು ಮೊದಲು ನಾಲ್ಕು ಹೆಜ್ಜೆ ಬಹಳ ಗಾಂಭೀರ್ಯದಿಂದ ಸಮುದ್ರದೊಳಗೆ ನಡೆದರು. ಆಮೇಲೆ ಓಡಿದರು. ಆಮೇಲೆ ಕಾಣಿಸಲಿಲ್ಲ. ಧೋತರ ಮಾತ್ರ ದೊಡ್ಡ ಗುಳ್ಳೆಯಾಗಿ ತೇಲಿತು. ಆಚೆಯ ಹಗ್ಗದ ಬೆಸ್ತರು ಆಯ ತಪ್ಪಿ ಒಬ್ಬರ ಮೇಲೊಬ್ಬರು ಬಿದ್ದರು. ಮುಂದಿನ ಸಾಲು ಏನೆಂದು ತಲೆಯಲ್ಲಿ ಹುಡುಕಿದರೆ ಏನೂ ಇಲ್ಲ. ಕೆಮ್ಮಾದ ಮೇಲೆ ಬರುತ್ತಿದ್ದ ಸಾಲು, ಕೆಮ್ಮು ಇಲ್ಲದೆ ಹೇಗೆ ಬರಬೇಕು? ಮುಮ್ಮೇಳ ಹೋಯಿತು, ಮಾನ ಹೋಯಿತು, ಸಾಹುಕಾರರೂ ಹೋದರು ಎಂದುಕೊಂಡೆ. ಈ ಮೂರರಲ್ಲಿ ಮೊದಲು ನೆನಪಾದದ್ದು ಮುಮ್ಮೇಳ ಎಂಬುದನ್ನು ನೀವು ಗಮನಿಸಿದ್ದರೆ ದಯವಿಟ್ಟು ಮರೆತುಬಿಡಿ.

ನೀರು ಸೊಂಟದಷ್ಟೇ ಇತ್ತು. ಇಬ್ಬರು ಹುಡುಗರು ಹಾರಿ, ಸಾಹುಕಾರರ ಎರಡು ತೋಳು ಹಿಡಿದು ಎತ್ತಿ ನಿಲ್ಲಿಸಿದರು. ಹಗ್ಗ ಇನ್ನೂ ಅವರ ಸೊಂಟದಲ್ಲೇ ಇತ್ತು. ಮೂಗಿನಿಂದ, ಬಾಯಿಂದ ಉಪ್ಪುನೀರು ಇಳಿಯಿತು. ಮುಖ ಕಡುಗೆಂಪು ಡಬ್ಬಿ ಮೆಣಸಿನಕಾಯಿಯ ಬಣ್ಣಕ್ಕೆ ತಿರುಗಿತು. ಮೂರು ತಲೆಮಾರು ಮಾಡಲಾರದ್ದನ್ನು ಒಂದು ಅಲೆ ಮಾಡಿತು. ಗುರುಶಾಂತಪ್ಪನವರು ಕೆಮ್ಮಿದರು. ಅಂಥಿಂಥ ಕೆಮ್ಮಲ್ಲ, ದಂಡೆಯ ಹಕ್ಕಿಗಳೆಲ್ಲ ಎದ್ದು ಹಾರುವಂಥದು.

ಅದು ಕಿವಿಗೆ ಬಿದ್ದದ್ದೇ ತಡ, ಹಿಮ್ಮೇಳದ ಕೈಗಳು ತಾವಾಗಿಯೇ ಹಗ್ಗಕ್ಕೆ ಹೋದವು, ನನ್ನ ಬಾಯಲ್ಲಿ ಮುಂದಿನ ಸಾಲು ತಾನಾಗಿಯೇ ಬಂತು: "ದಂಡಿ ಕಾಣ್ತೈತಿ!" "ಹೋ ಎಳಿ!" ನಾಲ್ಕು ಎಳೆತ. ಸಾಹುಕಾರರು ಸಾಕಷ್ಟು ನೀರು ಕುಡಿದಿದ್ದರಿಂದ ಐದಕ್ಕೆ ಸರಿಯಾಗಿ ಇನ್ನೊಂದು ಕೆಮ್ಮು ಸಿದ್ಧವಾಗಿತ್ತು. ಈ ಸಲ ಯಾರೂ ಹಗ್ಗ ಬಿಡಲಿಲ್ಲ, ಕೆಮ್ಮುವ ಕೆಲಸ ಅವರೊಬ್ಬರೇ ನೋಡಿಕೊಂಡರು. ಮೂರನೆಯ ಸುತ್ತಿಗೆ ಆಚೆಯ ಬೆಸ್ತರೂ ಬಿದ್ದು ಬಿದ್ದು ನಗುತ್ತ ಐದಕ್ಕೆ ಕೆಮ್ಮತೊಡಗಿದರು. ಬುಟ್ಟಿ ಹಿಡಿದು ಕಾದಿದ್ದ ಹೆಂಗಸರು ಕೆಮ್ಮಿದರು, ಮಕ್ಕಳು ಕೆಮ್ಮಿದವು, ನಾಗೇಶ ತಾಂಡೇಲರು ಹೊಟ್ಟೆ ಹಿಡಿದುಕೊಂಡು ಕೆಮ್ಮಿದರು. ಬಲೆ ದಂಡೆಗೆ ಬಂತು. ಒಳಗೆ ಬೆಳ್ಳಿಯ ಹಾಗೆ ಮೀನು ಮಿರುಗುತ್ತಿದ್ದರೆ, ಸಂಗನಗೌಡರು ಅದನ್ನು ನೋಡಲಾರದೆ ಆಕಾಶ ನೋಡುತ್ತ ನಿಂತಿದ್ದರು. "ರೈಟ್!" ಎಂದ ಕಲ್ಲಪ್ಪ.

"ಬಲಿ ತಂದದ್ದು ನನ್ನ ಕೆಮ್ಮು" ಎಂದು ಸಾಹುಕಾರರು ಧೋತರ ಹಿಂಡುತ್ತಲೇ ತಕರಾರು ತೆಗೆದರು. ಗೌಡರು ಆಕಾಶದಿಂದ ಕಣ್ಣು ಇಳಿಸಿ, "ಕೆಮ್ಮ ಯಾವತ್ತಿದ್ರೂ ಹಿಮ್ಮೇಳದ್ದರೀ ಸಾವ್ಕಾರ್ರ. ಹಾಡ ಎತ್ತಿದವರು ಅಕ್ಕೋರು. ಮುಮ್ಮೇಳ ಅವರದು" ಎಂದರು. ನಾನು ಅತ್ತುಬಿಟ್ಟೆ. ಯಾರೋ ನೋಡಿದರು, ಉಪ್ಪುಗಾಳಿ ಕಣ್ಣಿಗೆ ಆಗಿಬರುವುದಿಲ್ಲ ಎಂದೆ. ಘಟ್ಟ ಹತ್ತುವಾಗಲೂ ಹಾಡಿದೆ, ಶಿರಸಿಯಲ್ಲಿ ಚಹಾ ಕುಡಿಯುವಾಗಲೂ ಹಾಡಿದೆ. ಹಾನಗಲ್ಲಿನಲ್ಲಿ ಡ್ರೈವರು ಗಾಡಿ ನಿಲ್ಲಿಸಿ ಕಿವಿಗೆ ಹತ್ತಿ ಕೊಂಡುಕೊಂಡ. ಅದೂ ನನಗೆ ಅವಮಾನ ಎನಿಸಲಿಲ್ಲ.

ಒಂದು ವಾರವಾಗಿರಬೇಕು. ತಾಲೀಮಿನ ಹೊತ್ತಿನಲ್ಲೇ ಗೌಡರ ಮೊಬೈಲಿಗೆ ನಾಗೇಶ ತಾಂಡೇಲರ ಫೋನು ಬಂತು. ಬರುವ ವರ್ಷವೂ ತಪ್ಪದೆ ಬರಬೇಕಂತೆ, ಊರಿನ ಹುಡುಗರು ಈಗ ದೋಣಿ ನೂಕುವಾಗಲೂ ಐದಕ್ಕೊಂದು ಕೆಮ್ಮು ಹಾಕುತ್ತಿದ್ದಾರಂತೆ. "ಆ ಕೆಮ್ಮಿನ ಸಾಹುಕಾರರನ್ನ ಮರೀಬೇಡಿ ಮತ್ತೆ. ಅವರಿಲ್ಲದೆ ಬಂದ್ರೆ ನಮ್ಮ ಜನ ಕೇಳೋದಿಲ್ಲ" ಎಂಬ ಮಾತು ನಮಗೆಲ್ಲ ಕೇಳಿಸಿತು. ಸಾಹುಕಾರರು ಚೀಲದ ಮೇಲೆ ಕುಳಿತು ಮೀಸೆ ತೀಡಿಕೊಂಡರು. ನನ್ನ ಮುಖ ನೋಡಿ ಕನಿಕರ ಬಂದು ಗೌಡರು, "ನಮ್ಮ ಅಕ್ಕೋರ ಹಾಡು ಹ್ಯಾಂಗಿತ್ತು?" ಎಂದು ಕೇಳಿದರು. "ಎಂತ ಹಾಡು? ಓ, ನೀರಿನ ಕಡೆ ಕೈ ಮಾಡಿ ಕೂಗ್ತಿದ್ದರಲ್ಲ, ಅವರಾ? ಸಾಹುಕಾರರು ಮುಳುಗಿದರು ಅಂತ ಗಾಬರಿಯಾಗಿದ್ದಾರೆ ಅಂತ ನಾವು ತಿಳ್ಕೊಂಡಿದ್ವು. ಅವರೂ ಬರಲಿ, ಅಡ್ಡಿಲ್ಲ" ಎಂದರು ತಾಂಡೇಲರು.

ಅಂದಿನಿಂದಲೇ ನಾನು ಕೆಮ್ಮಿನ ಅಭ್ಯಾಸ ಶುರು ಮಾಡಿದೆ. ಮುಮ್ಮೇಳದವರು ಕೆಮ್ಮಬಾರದೆಂದು ಮಂಡಳಿಯಲ್ಲಿ ನಿಯಮವೇನೂ ಇರಲಿಲ್ಲ. ಬಚ್ಚಲುಮನೆಯ ಬಾಗಿಲು ಹಾಕಿಕೊಂಡು, ನಲ್ಲಿ ಬಿಟ್ಟುಕೊಂಡು, ಗಟ್ಟಿಯದು, ಎಳೆದದ್ದು, ಒಡಕು ದನಿಯದು ಹೀಗೆ ಬಗೆಬಗೆಯಾಗಿ ಕೆಮ್ಮಿ ನೋಡಿದೆ. ಎರಡು ವಾರದ ಕಷ್ಟಕ್ಕೆ ಕೊನೆಗೂ ಒಂದು ಒಳ್ಳೆಯ ಕೆಮ್ಮು, ಸಾಹುಕಾರರದಕ್ಕೆ ಸರಿಸಮನಾದದ್ದು, ಎದೆಯಾಳದಿಂದ ಬಂತು. ಸಂತೋಷದಿಂದ ಬಾಗಿಲು ತೆರೆದರೆ ಎದುರಿಗೆ ಅತ್ತೆ ನಿಂತಿದ್ದರು, ಕೈಯಲ್ಲಿ ಹೊಗೆಯಾಡುವ ಲೋಟ. "ಹದಿನೈದ ದಿನಾತು ಕೇಳಾಕತ್ತೇನಿ. ಕುಡಿಯವಾ, ಶುಂಠಿ ಮೆಣಸು ಹಾಕಿ ಕಷಾಯ ಕಾಸೇನಿ" ಎಂದರು. ಮದುವೆಯಾಗಿ ಬಂದಾಗಿನಿಂದ ಅವರು ನನ್ನನ್ನು ಅಷ್ಟು ಅಕ್ಕರೆಯಿಂದ ನೋಡಿದ್ದು ಅದೇ ಮೊದಲು. ಇಲ್ಲ ಎನ್ನಲು ಮನಸ್ಸಾಗದೆ ಕುಡಿದುಬಿಟ್ಟೆ. ಬಹಳ ಒಳ್ಳೆಯ ಕಷಾಯ. ಬಂದಿದ್ದ ಒಂದು ಕೆಮ್ಮೂ ಹೋಯಿತು.